ಸೋಲಿಲ್ಲದ ಕೈ

ತನಗೆ ಗೆಲುವು ನಿಶ್ಚಯವೆಂದು ಬಲ್ಲವನು ಪಣವನ್ನೊಡ್ಡಬಹುದೆ? ಜೂಜನ್ನು ನಿಂದಿಸುವ ಗ್ರಂಥಗಳು ಎಲ್ಲ ದೇಶಗಳಲ್ಲಿಯೂ ಹೇರಳವಾಗಿವೆ. ಆದರೆ ಜೂಜಿನ ಒಡಲಿನಲ್ಲಿಯೇ ಹುಟ್ಟುವ ಈ ಪ್ರಶ್ನೆಯನ್ನು ಅವು ಎತ್ತುವುದು ಅಪರೂಪ. ಆಡುವುದೇ ಪಾಪವೆಂದವನಿಗೆ ಹೇಗೆ ಆಡಬೇಕೆಂಬುದರಲ್ಲಿ ಆಸಕ್ತಿಯಿಲ್ಲದಿರುವುದು ಸಹಜವಷ್ಟೆ. ಸೋಜಿಗವೇನೆಂದರೆ, ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಲ್ಲಿ ೧೯ನೆಯ ಶತಮಾನದ ಅಮೆರಿಕದಲ್ಲಿ ಪೋಕರ್ ಎಂಬ ಇಸ್ಪೀಟಿನ ಆಟವನ್ನು ಕುರಿತು ಬರೆದವರೂ ಸೇರಿರುವರು. ಅವರು ಕೇಳಿದುದಷ್ಟೇ ಅಲ್ಲ, ಉತ್ತರವನ್ನು ಆಟದ ಕಟ್ಟಳೆಯೊಳಗೇ ಸೇರಿಸಬೇಕೆಂದು ವಾದಿಸಿದರು.

ಆ ಆಟದ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ಐವತ್ತೆರಡು ಎಲೆಗಳ ಕಟ್ಟಿನಿಂದ ಪ್ರತಿಯೊಬ್ಬನಿಗೂ ಐದೆಲೆಗಳು ಬರುವುವು. ಈ ಐದರ ಕೂಟಕ್ಕೆ ‘ಕೈ’ ಎಂದು ಹೆಸರು. ಎದುರಾಳಿಯ ಕೈ ಕಾಣದು. ತನ್ನ ಕೈಯನ್ನು ನೋಡಿಕೊಂಡು ಹಣವನ್ನೊಡ್ಡುತ್ತ ಹೋಗಬೇಕು. ಧೈರ್ಯ ಸಾಲದವನು ಎಲೆಗಳನ್ನು ಮಗುಚಿಟ್ಟು ಹಿಂದೆಗೆಯಬಹುದು. ಕೊನೆಯವರೆಗೆ ನಿಂತವರಲ್ಲಿ ಯಾರ ಕೈ ಮೇಲೋ ಅವನಿಗೆ ಒಡ್ಡಿದ ಹಣವೆಲ್ಲವೂ ಸಲ್ಲುವುದು. ಮೇಲು ಕೀಳುಗಳನ್ನು ನಿರ್ಣಯಿಸುವುದು ವಿರಳತೆ. ಐವತ್ತೆರಡರಿಂದ ಐದನ್ನು ಆರಿಸುವ ಬಗೆಗಳು ೨೫,೯೮,೯೬೦. ಇವುಗಳಲ್ಲಿ ೧೩,೦೨,೫೪೦ ಕೈಗಳಲ್ಲಿ ಏನೂ ಇಲ್ಲ: ಜೋಡಿಯಿಲ್ಲ, ಅನುಕ್ರಮವಿಲ್ಲ, ಒಂದೇ ಗುರುತೂ ಇಲ್ಲ. ಒಂದೇ ಒಂದು ಜೋಡಿಯುಳ್ಳವು ೧೦,೯೮,೨೪೦. ಎಂದರೆ ನೂರಕ್ಕೆ ತೊಂಬತ್ತೆರಡಕ್ಕಿಂತ ಹೆಚ್ಚು ಸಲ ಮನುಷ್ಯನ ಕೈಗೆ ಬರುವುದು ಬರಿಗೈ, ಇಲ್ಲವೆ ಒಂದು ಜೋಡಿ. ಅಲ್ಲಿಂದ ಮೇಲೆ ಏಣಿ ಕಿರಿದಾಗುತ್ತ ಹೋಗುವುದು. ಎರಡು ಜೋಡಿ, ಒಂದೇ ಬೆಲೆಯ ಮೂರು. ಐದೂ ಅನುಕ್ರಮವಾಗಿರುವ ಕೈಗಳು ೧೦,೨೦೦, ಐದೂ ಒಂದೇ ಗುರುತಿನವಾಗಿರುವ ಕೈಗಳು ೫,೧೦೮. ಒಂದು ಬೆಲೆಯ ಮೂರು ಇನ್ನೊಂದು ಬೆಲೆಯ ಎರಡರೊಡನೆ ಕೂಡಿದರೆ ಅದಕ್ಕೆ ‘ತುಂಬಿದ ಮನೆ’ ಎಂಬ ಚೆಲುವಾದ ಹೆಸರು, ಅಂತಹವು ೩,೭೪೪. ಒಂದೇ ಬೆಲೆಯ ನಾಲ್ಕು ಕೂಡುವ ಕೈಗಳು ೬೨೪. ಒಂದೇ ಗುರುತಿನ ಅನುಕ್ರಮಗಳು ೩೬. ಅದೇ ಜಾತಿಯಲ್ಲಿ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿದ ‘ರಾಜ’ಕೈಗಳು, ಗುರುತಿಗೊಂದರಂತೆ, ನಾಲ್ಕೇ ನಾಲ್ಕು.

ಏಣಿಯ ತುದಿ ಹಿಂದೆ ಹೀಗಿರಲಿಲ್ಲ. ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಮಿಸಿಸಿಪಿ ನದಿಯ ಹೊಗೆದೋಣಿಗಳ ಮೇಲೆ ಈ ಆಟವನ್ನು ಇಪ್ಪತ್ತೇ ಎಲೆಗಳಿಂದ ಆಡುತ್ತಿದ್ದರು. ನಾಲ್ವರು ಆಟಗಾರರು, ತಲೆಗೆ ಐದೆಲೆ. ಕಟ್ಟಿನಲ್ಲಿ ಏನೂ ಉಳಿಯದು. ಆಗ ಒಂದೇ ಗುರುತಿನ ಅನುಕ್ರಮಕ್ಕೆ ಲೆಕ್ಕವಿರಲಿಲ್ಲ. ಒಂದೇ ಬೆಲೆಯ ನಾಲ್ಕೆಲೆಗಳೇ ಪರಮಪದ, ಅವುಗಳಲ್ಲಿಯೂ ನಾಲ್ಕು ಎಕ್ಕ. ಆದುದರಿಂದ ನಾಲ್ಕು ಎಕ್ಕಗಳನ್ನು ಪಡೆದವನಿಗೆ ಸಂದೇಹವೆಂಬುದೇ ಇಲ್ಲ. ನಾಲ್ಕು ರಾಜರೊಡನೆ ಒಂದು ಎಕ್ಕವನ್ನು ಪಡೆದವನಿಗೂ ಇಲ್ಲ. ಏಕೆಂದರೆ ಒಂದು ಎಕ್ಕ ತನ್ನಲ್ಲಿರುವಾಗ ನಾಲ್ಕು ಎಕ್ಕಗಳು ಬೇರೊಬ್ಬನಲ್ಲಿರಲಾರವು. ಐವತ್ತೆರಡೆಲೆಗಳ ಕಟ್ಟು ಬಳಕೆಗೆ ಬಂದ ಮೇಲೂ ಈ ನಿಶ್ಚಯವು ಹಾಗೆಯೇ ಉಳಿಯಿತು. ಒಂದೇ ಗುರುತಿನ ಅನುಕ್ರಮವನ್ನು ಎಲ್ಲಕ್ಕೂ ಮೇಲಿಡಬೇಕೆಂಬ ಪದ್ಧತಿಯು ಬಂದಾಗ ಹಳಬರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಹೊಸ ಪದ್ಧತಿಯ ಪರವಾಗಿ ಆ ಶತಮಾನದ ಉತ್ತರಾರ್ಧದ ಆಟದ ಪುಸ್ತಕಗಳು ತಂದ ವಾದಗಳಲ್ಲಿ ಒಂದು ಶುದ್ಧ ನೀತಿಯ ವಾದ: ನಿಶ್ಚಿತವಾದುದರ ಮೇಲೆ ಪಣವನ್ನೊಡ್ಡುವುದು ಸಭ್ಯನಿಗೆ ತಕ್ಕುದಲ್ಲ, ಸೋಲಿಲ್ಲದ ಕೈಯೊಂದು ಆಟದಲ್ಲಿದ್ದರೆ ಸಭ್ಯನು ಅದನ್ನು ಪಡೆದಾಗ ಆಡುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಹೊಸ ಏಣಿಯಲ್ಲಿ ನಾಲ್ಕು ಎಕ್ಕಗಳ ಮೇಲೂ ಒಂದು ಮೆಟ್ಟಿಲಿದೆ. ಕಟ್ಟಕಡೆಯ ಮೆಟ್ಟಿಲಿನಲ್ಲಿರುವ ರಾಜಕೈಗೂ ಸರಿಸಮಾನವಾದ ಮೂರು ಕೈಗಳು ಬೇರೆ ಗುರುತುಗಳಲ್ಲಿವೆ.

ಪರಿಹಾರವು ಅರೆಯಾದುದೆಂಬುದನ್ನು ಒಪ್ಪಬೇಕು. ರಾಜಕೈಯನ್ನು ಪಡೆದವನು ಗೆಲುವನ್ನು ಹಂಚಿಕೊಳ್ಳಬೇಕಾದೀತೇ ಹೊರತು ಸೋಲಲಾರನು. ಆ ಹಂಚಿಕೆಯ ಸಂಭವವೂ ಲಕ್ಷಗಳಲ್ಲೊಂದು. ಕೂದಲಿನಷ್ಟು ಸಂದೇಹವನ್ನು ಉಳಿಸಿಕೊಂಡು ಮನಸ್ಸಾಕ್ಷಿಯನ್ನು ಸಂತೈಸಿದರೆಂದು ನಗುವವರು ನಗಬಹುದು. ಆದರೆ ಇಂತಹ ಜನರಿಗೆ, ಬಂದೂಕನ್ನು ಸೊಂಟದಲ್ಲಿಟ್ಟುಕೊಂಡು ಆಡುವವರ ನಾಡಿನಲ್ಲಿ, ಹೀಗೊಂದು ನಾಚಿಕೆ ಹುಟ್ಟಿತೆಂಬುದೇ ವಿಚಾರಾರ್ಹವಾದುದು. ಮೋಸ ಮಾಡಿಲ್ಲ, ಎಲೆಯನ್ನು ಕದ್ದಿಲ್ಲ. ತಾನಾಗಿ ಬಂದ ಕೈ. ಇದರಲ್ಲಿ ನಾಚುವುದೇನು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಹಸ್ತಿನಾವತಿಯ ಸಭೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ವ್ಯಾಸಭಾರತದಲ್ಲಿ ಆಟಕ್ಕೆ ಮೊದಲೇ ಧರ್ಮರಾಯನು ಕಪಟದ್ಯೂತವು ಪಾಪವೆಂದೂ ಅದರಲ್ಲಿ ಕ್ಷಾತ್ರವಿಲ್ಲವೆಂದೂ ಹೇಳುವನು. ಶಕುನಿಯು ಕೊಡುವ ಉತ್ತರವು ಸಾಮಾನ್ಯವಾದುದಲ್ಲ. ಬಲ್ಲವನು ಅರಿಯದವನೊಡನೆ ವಾದಕ್ಕಿಳಿಯುವನು, ಬಲಶಾಲಿಯು ದುರ್ಬಲನ ಮೇಲೇರಿ ಹೋಗುವನು. ಇವರೆಲ್ಲರೂ ಗೆಲ್ಲುವ ಬಯಕೆಯಿಂದಲೇ ಹೋಗುವರಾದರೂ ಅದನ್ನು ಯಾರೂ ಕಪಟವೆನ್ನುವುದಿಲ್ಲ, ಭಯವಿದ್ದರೆ ಆಟವನ್ನು ಬಿಡು ಎಂಬುದು ಅವನ ಮಾತಿನ ತಾತ್ಪರ್ಯ. ಶಕುನಿಯನ್ನು ದ್ವೇಷಿಸುವವರು ಈ ವಾದವನ್ನು ಓದದೆ ದಾಟಿಬಿಡುವುದುಂಟು. ಅದಕ್ಕೆ ಸಮಾಧಾನ ಹೇಳದೆ ಅವನನ್ನು ದೂಷಿಸುವುದು ನ್ಯಾಯವಲ್ಲ.

ಸಮಾಧಾನವು ಇಷ್ಟೆಂದು ತೋರುವುದು. ಎಂತಹ ಜಟ್ಟಿಯೂ ಅಖಾಡದಲ್ಲಿ ಬೀಳಬಹುದು. ಎಂತಹ ಪಂಡಿತನೂ ವಾದದಲ್ಲಿ ತಡವರಿಸಬಹುದು. ನೈಪುಣ್ಯವು ಸೋಲನ್ನು ದೂರ ಮಾಡುವುದೇ ಹೊರತು ಇಲ್ಲವಾಗಿಸುವುದಿಲ್ಲ. ಆದುದರಿಂದ ನಿಪುಣನು ಒಡ್ಡಿದ ಹಣವು ನಿಜವಾಗಿಯೂ ಅಪಾಯದಲ್ಲಿರುವುದು. ಸೋಲಲಾರದವನು ಒಡ್ಡಿದ ಹಣವಾದರೋ ಪಣವೇ ಅಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆ. ಎದುರಾಳಿಯು ಸಮ್ಮತಿಸಿದುದು ಇಬ್ಬರಿಗೂ ಕಾಣದ ಒಂದು ಅದೃಷ್ಟಕ್ಕೆ. ಅದೃಷ್ಟವೆಂದರೆ ಕಾಣದುದೆಂದೇ ಅರ್ಥವಷ್ಟೆ. ಅದು ಒಬ್ಬನಿಗೆ ಪೂರ್ತಿಯಾಗಿ ಕಂಡಿದ್ದರೆ ಆ ಸಮ್ಮತಿಯ ಆಧಾರವೇ ಕುಸಿಯುವುದು. ಎಲೆಗಳನ್ನು ಹಂಚುವ ಮುನ್ನ ಇಬ್ಬರ ಅಜ್ಞಾನವೂ ಸಮಾನವಾಗಿತ್ತು, ನಾಳೆ ಆ ಕೈ ಎದುರಾಳಿಗೂ ಬರಬಹುದು, ಆದುದರಿಂದ ಅನ್ಯಾಯವೇನೂ ಇಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಬಲವಾದುದೇ, ನಾಲ್ಕು ಎಕ್ಕಗಳನ್ನು ಪಡೆದವನನ್ನು ಶಕುನಿಯ ಪಕ್ಕದಲ್ಲಿ ಕುಳ್ಳಿರಿಸಲಾಗದು. ಆದರೆ ಪೋಕರಿನಲ್ಲಿ ಹಣವನ್ನೊಡ್ಡುವುದು ಎಲೆಗಳನ್ನು ನೋಡಿದ ಮೇಲೆ. ಪ್ರತಿಯೊಂದು ಸಲ ಪಣವನ್ನೇರಿಸಿದಾಗಲೂ ‘ಬಾ, ನೋಡೋಣ’ ಎಂಬ ಹೊಸದೊಂದು ಆಹ್ವಾನವಿರುವುದು. ನೋಡುವುದಕ್ಕೆ ಏನೂ ಉಳಿದಿಲ್ಲವೆಂದು ಬಲ್ಲವನು ಹಾಗೆ ಕರೆಯುವಾಗ ಮನಸ್ಸು ಚುಚ್ಚುವುದು ಇಲ್ಲಿಯೇ. ಇಸ್ಪೀಟನ್ನು ಮುಟ್ಟದ ಮನೆಗಳಲ್ಲಿಯೂ ಈ ಚುಚ್ಚು ಅಪರಿಚಿತವಲ್ಲ. ಬೆಳೆ ಬಂದರೂ ಬಾರದಿದ್ದರೂ ತನಗೆ ನಷ್ಟವಿಲ್ಲದಂತೆ ಹೊಲವನ್ನು ಬರೆಸಿಕೊಂಡು, ಅಪಾಯವನ್ನು ಹೊತ್ತುದಕ್ಕೆಂದು ಬಡ್ಡಿಯನ್ನೇರಿಸುವವನ ಕೈಯಲ್ಲಿರುವುದೂ ನಾಲ್ಕು ಎಕ್ಕಗಳೇ.

ನಳನ ಕಥೆಯು ಇಲ್ಲಿ ಒಂದು ತೊಡಕನ್ನು ತಂದೊಡ್ಡುವುದು. ಋತುಪರ್ಣನು ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ನೋಟಮಾತ್ರದಿಂದ ಎಣಿಸಿ ಹೇಳಿ, ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದನು. ಎಣಿಕೆಯ ವಿದ್ಯೆಯು ಒಳಹೊಕ್ಕೊಡನೆ ಕಲಿಯು ಹೊರಬಿದ್ದನು. ಆ ಮೇಲೆ ನಳನು ಪುಷ್ಕರನನ್ನು ಮತ್ತೆ ಆಟಕ್ಕೆ ಕರೆದನು. ಗೆಲುವು ತನ್ನದೇ ಎಂದು ಪುಷ್ಕರನು ಹಿಗ್ಗಿದನು. ಒಂದೇ ಎಸೆತದಲ್ಲಿ ರಾಜ್ಯವು ನಳನದಾಯಿತು. ಅಕ್ಷಹೃದಯವನ್ನರಿತ ನಳನೂ ಆ ದಿನ ನಿಶ್ಚಿತದ ಮೇಲೆಯೇ ಪಣವನ್ನೊಡ್ಡಿದನಲ್ಲವೆ? ಒಡ್ಡಿದನು. ಆದರೆ ಪಾಂಡವರನ್ನು ಕಾಡಿಗಟ್ಟಿದ ಶಕುನಿಯಂತೆ ಅವನು ನಡೆಯಲಿಲ್ಲ. ತಾನು ಕಳೆದುಕೊಂಡುದನ್ನು ಮಾತ್ರ ಉಳಿಸಿಕೊಂಡು, ಸೋತ ತಮ್ಮನಿಗೆ ಜೀವವನ್ನೂ ಅವನ ಪಾಲನ್ನೂ ಹಿಂದಕ್ಕೆ ಕೊಟ್ಟು, ಸತ್ಕರಿಸಿ ಅವನ ಊರಿಗೆ ಕಳುಹಿದನು. ಕನ್ನಡಿಗರು ಕನಕದಾಸರ ನಳಚರಿತ್ರೆಯನ್ನು ಓದುವಾಗ ದಮಯಂತಿಯ ದುಃಖಕ್ಕೆ ಕರಗಿದಷ್ಟು ಈ ಕೊನೆಯ ಪಂದ್ಯವನ್ನು ಕುರಿತು ಯೋಚಿಸಿರಲಾರರು.

ಪೋಕರಿನಲ್ಲಾದರೋ ಹಳೆಯ ಸಂಕೋಚವು ಬಹುಕಾಲ ಉಳಿಯಲಿಲ್ಲ. ೨೦ನೆಯ ಶತಮಾನದಲ್ಲಿ ಟೆಕ್ಸಸ್ ಪ್ರಾಂತದಲ್ಲಿ ಬೆಳೆದು ಲೋಕವನ್ನೆಲ್ಲ ವ್ಯಾಪಿಸಿದ ಬಗೆಯಲ್ಲಿ ಆಟಗಾರನಿಗೆ ಎರಡೇ ಎಲೆಗಳು ಗುಟ್ಟಾಗಿರುವುವು. ಎಲ್ಲರಿಗೂ ಸೇರಿದ ಐದೆಲೆಗಳು ಮೇಜಿನ ನಡುವೆ ತೆರೆದು ಬಿದ್ದಿರುವುವು. ಅವನ್ನು ನೋಡಿ, ಇದಕ್ಕಿಂತ ಮೇಲಾದ ಕೈ ಈ ಸಲ ಯಾರಲ್ಲಿಯೂ ಇರಲಾರದೆಂದು ಆಟಗಾರನು ಎಷ್ಟೋ ಸಲ ಖಂಡಿತವಾಗಿ ತಿಳಿಯಬಲ್ಲನು. ಅಂತಹ ಕೈಗೆ ‘ನಟ್ಸ್’ ಎಂಬ ಅಡ್ಡಹೆಸರೇ ಇದೆ. ಅದನ್ನು ಹಿಡಿದು ಪಣವನ್ನೇರಿಸುವುದಕ್ಕೆ ಈಗ ಯಾರೂ ನಾಚರು. ಆದರೆ ಒಂದು ಮರ್ಯಾದೆ ಉಳಿದಿದೆ: ಗೆದ್ದುದು ಖಂಡಿತವೆಂದು ಬಲ್ಲವನು ಕಡೆಗೆ ಎಲೆಗಳನ್ನು ತೋರಿಸಲು ತಡಮಾಡಿ, ಎದುರಾಳಿಗೆ ಕ್ಷಣಕಾಲ ಗೆಲುವಿನ ಭ್ರಮೆಯನ್ನು ಹುಟ್ಟಿಸಿದರೆ, ಮೇಜಿನವರೆಲ್ಲ ಅವನನ್ನು ಅಸಹ್ಯಪಡುವರು. ಹಣವನ್ನು ಕೊಳ್ಳುವುದರಲ್ಲಿದ್ದ ಸಂಕೋಚವು ಕೊಳ್ಳುವ ರೀತಿಗೆ ಇಳಿದು ಬಂದಿದೆಯೆನ್ನಬೇಕು.

ನಿಶ್ಚಯವು ದೊರೆಯದೆಡೆಯಲ್ಲಿ ಮನುಷ್ಯನು ಹೆಸರನ್ನಿಡುವನು. ಲೆಕ್ಕದ ದೃಷ್ಟಿಯಿಂದ ಪ್ರತಿಯೊಂದು ನಿರ್ದಿಷ್ಟ ಕೈಯೂ ಅಷ್ಟೇ ವಿರಳ. ಇಸ್ಪೀಟಿನ ರಾಜಕೈ ಬರುವುದು ೨೫,೯೮,೯೬೦ರಲ್ಲಿ ಒಂದು ಸಲ. ಆಟೀನಿನ ಎರಡು, ಕಳಾವರಿನ ಐದು, ಡೈಮಂಡಿನ ಏಳು, ಇಸ್ಪೀಟಿನ ಒಂಬತ್ತು, ಕಳಾವರಿನ ಗುಲಾಮ ಎಂಬ ಅನಾಥ ಕೈ ಬರುವುದೂ ಅಷ್ಟರಲ್ಲಿಯೇ ಒಂದು ಸಲ. ಮೊದಲನೆಯದನ್ನು ಅರಸಾಗಿಸಿದುದು ಮನುಷ್ಯರು ಮಾಡಿದ ವರ್ಗೀಕರಣ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಹೊಸ ಆಟಗಳನ್ನು ಕಲ್ಪಿಸಿ ಬೆಳೆಯಿಸಿದ ಗಂಜೀಫವನ್ನು ನೋಡಿದವರಿಗೆ ಇದು ಹೊಸದೆನಿಸದು. ದಶಾವತಾರದ ೧೨೦ ಎಲೆಗಳ ಗಂಜೀಫದಲ್ಲಿ ರಾಜ ಮಂತ್ರಿಗಳ ಕೆಳಗೆ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದು ದೊಡ್ಡದು.

ಹೆಸರುಗಳಲ್ಲಿ ಹಲವು ಬರಿಯ ವಿನೋದ. ಎಂಟರ ಜೋಡಿಗೆ ‘ಹಿಮದ ಬೊಂಬೆಗಳು’, ಎರಡರ ಜೋಡಿಗೆ ‘ಬಾತುಕೋಳಿಗಳು’, ಗುಲಾಮರ ಜೋಡಿಗೆ ‘ಗಾಳದ ಕೊಕ್ಕೆಗಳು’. ಅಂಕಿಯ ಅಥವಾ ಅಕ್ಷರದ ಆಕಾರವೇ ಕಾರಣ. ಕತ್ತಿಯನ್ನು ತನ್ನ ತಲೆಗೇ ಚುಚ್ಚಿಕೊಂಡಂತೆ ಕಾಣುವ ಆಟೀನಿನ ರಾಜನು ‘ಆತ್ಮಘಾತಿ’. ಕೆಲವು ಕ್ರೂರ. ಎಕ್ಕ ಮತ್ತು ರಾಜರ ಕೂಟಕ್ಕೆ, ಇಂಗ್ಲಿಷಿನಲ್ಲಿ ಅವುಗಳ ಮೊದಲ ಅಕ್ಷರಗಳು ಹೊಂದುವುದರಿಂದ, ಟೆನಿಸ್ ಆಟಗಾರ್ತಿ ಅನ್ನಾ ಕೂರ್ನಿಕೋವಾಳ ಹೆಸರನ್ನಿಟ್ಟು, ನೋಡಲು ಚೆಂದ ಗೆಲ್ಲಲು ಅಪರೂಪ ಎಂದು ನಗುವರು. ಆಕೆ ಆಸ್ಟ್ರೇಲಿಯದ ಮಹಾಪಂದ್ಯದ ಜೋಡಿಯಾಟದಲ್ಲಿ ೧೯೯೯ರಲ್ಲಿಯೂ ೨೦೦೨ರಲ್ಲಿಯೂ ಗೆದ್ದವಳು. ಎಕ್ಕ-ರಾಜರ ಕೂಟವೂ ಆರಂಭದ ಕೂಟಗಳಲ್ಲಿ ಬಲವಾದುದೇ. ಒಂದೇ ಹೆಸರಿನಿಂದ ಎರಡು ಸುಳ್ಳು. ಡಾಯ್ಲ್ ಬ್ರನ್ಸನ್ ಎಂಬ ಪ್ರಸಿದ್ಧ ಆಟಗಾರನು ಲಾಸ್ ವೇಗಸ್ಸಿನ ಜಾಗತಿಕ ಸ್ಪರ್ಧೆಯನ್ನು ೧೯೭೬ರಲ್ಲಿಯೂ ೧೯೭೭ರಲ್ಲಿಯೂ ಹತ್ತು-ಎರಡೆಂಬ ದುರ್ಬಲವಾದ ಎಲೆಗಳಿಂದಲೇ ಮುಗಿಸಿದನು; ಅವಕ್ಕೆ ಅವನ ಹೆಸರೇ ನಿಂತಿತು. ಹೆಸರು ನಿಂತಿತೆಂದು ಆ ಎಲೆಗಳಿಗೆ ಬಲ ಬರಲಿಲ್ಲ.

ಹೆಸರು ಮೇಜಿನಿಂದೆದ್ದು ಬಾಳಿನ ಮೇಲೆ ಕುಳಿತುಕೊಳ್ಳುವುದು ಭಾರತೀಯರಿಗೂ ತಿಳಿಯದುದಲ್ಲ. ಕೃತ, ತ್ರೇತಾ, ದ್ವಾಪರ, ಕಲಿ ಎಂಬುವು ಮೊದಲಿಗೆ ತಾರೆಕಾಯಿಯ ಜೂಜಿನ ನಾಲ್ಕು ಬೀಳುಗಳ ಹೆಸರುಗಳು. ಎಣಿಸಿದಾಗ ನಾಲ್ಕರ ಲೆಕ್ಕ ಸರಿಯಾದರೆ ಕೃತ, ಒಂದು ಉಳಿದರೆ ಕಲಿ. ಸೋಲುವ ಬೀಳಿನ ಹೆಸರನ್ನು ಹೊತ್ತ ಯುಗದಲ್ಲಿ ಬಾಳುತ್ತಿರುವೆವೆಂದು ನಂಬಿದ ಜನರು, ತಮ್ಮ ಕಾಲದ ಕೆಡುಕಿಗೆಲ್ಲ ಆ ಹೆಸರನ್ನೇ ಕಾರಣವಾಗಿ ಹೇಳುತ್ತ ಬಂದಿರುವರು.

ಅಮೆರಿಕದಲ್ಲಿ ಅಂತಹ ಹೆಸರೊಂದು ‘ಸತ್ತವನ ಕೈ’. ಡಕೋಟಾ ಪ್ರಾಂತದ ಡೆಡ್‌ವುಡ್ ಎಂಬ ಚಿನ್ನದಗಣಿಯ ಊರಿನಲ್ಲಿ ೧೮೭೬ನೆಯ ಆಗಸ್ಟ್ ೨ರಂದು, ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಬಂದೂಕುಗಾರನು ಪೋಕರ್ ಆಡುತ್ತಿದ್ದನು. ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳುವುದು ಅವನ ರೂಢಿ. ಆ ದಿನ ಅಂತಹ ಕುರ್ಚಿಯು ದೊರೆಯಲಿಲ್ಲ. ಜಾಕ್ ಮೆಕ್‌ಕಾಲ್ ಎಂಬವನು ಹಿಂದಿನಿಂದ ಬಂದು ತಲೆಗೆ ಗುಂಡು ಹಾರಿಸಿದನು. ಕರಿಯ ಎಕ್ಕಗಳ ಜೋಡಿ, ಕರಿಯ ಎಂಟರ ಜೋಡಿ ಅವನ ಕೈಯಲ್ಲಿದ್ದುವೆಂದು ಲೋಕವು ಹೇಳುವುದು. ಅಂದಿನಿಂದ ಅದು ಅಪಶಕುನದ ಕೈ. ಆದರೆ ‘ಸತ್ತವನ ಕೈ’ ಎಂಬ ಹೆಸರು ಮೊದಲಿಗೆ ಗುಲಾಮರು ಕೂಡಿದ ಬೇರೆ ಬೇರೆ ಕೈಗಳಿಗೆ ಅಂಟಿಕೊಂಡಿದ್ದಿತು. ೧೯೨೬ರಲ್ಲಿ ಫ್ರಾಂಕ್ ವಿಲ್‌ಸ್ಟಾಕ್ ಬರೆದ ಹಿಕಾಕನ ಚರಿತ್ರೆಯು ಹೊರಬಂದ ಮೇಲೆಯೇ ಅದು ಎಕ್ಕ-ಎಂಟುಗಳಲ್ಲಿ ನೆಲೆನಿಂತುದು. ಹಿಕಾಕನನ್ನು ಕೊಂದುದು ಎಲೆಗಳಲ್ಲ. ಎಕ್ಕದ ಜೋಡಿಯನ್ನೊಳಗೊಂಡ ಎರಡು ಜೋಡಿಗಳೆಂದರೆ ನೂರು ಕೈಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚನ್ನು ಮೀರುವಂತಹುದು. ಅದನ್ನು ಹಿಡಿದು ಅವನು ಪಣವನ್ನೇರಿಸಿದ್ದರೆ ಯಾವ ಸಭ್ಯನೂ ತಪ್ಪೆನ್ನುತ್ತಿರಲಿಲ್ಲ, ಏಕೆಂದರೆ ಅವನು ಸೋಲಬಹುದಾಗಿದ್ದಿತು. ಅವನ ಐದನೆಯ ಎಲೆಯ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತ ಬಂದಿದ್ದಾರೆ. ಅದು ಯಾವುದೆಂಬುದು ಇಂದಿಗೂ ನಿರ್ಣಯವಾಗಿಲ್ಲ.