ಕೂರಿಸುವ ಧೈರ್ಯ

ಟೂರ್ನಿ ಕೊನೆಯ ಹಂತಕ್ಕೆ ಬಂದಿದೆ. ಬ್ಯಾಸ್ಕೆಟ್‌ಬಾಲ್ ತಂಡ ಯಾರನ್ನು ನಂಬಿಕೊಂಡಿದೆಯೋ ಆ ಹುಡುಗನ ಮೊಣಕಾಲು ಊದಿಕೊಂಡಿದೆ. ಕೇಳಿದರೆ, "ಏನೂ ಆಗಿಲ್ಲ ಸರ್, ಆಡ್ತೀನಿ" ಅನ್ನುತ್ತಾನೆ. ಜಯನಗರದ ಶಾಲೆಯ ಅಂಗಳದಲ್ಲಾಗಲಿ, ಅಮೆರಿಕದ ಎನ್‌ಬಿಎಯಲ್ಲಾಗಲಿ, ಆಟವನ್ನೇ ಉಸಿರಾಡುವವರ ಉತ್ತರ ಬಹುಮಟ್ಟಿಗೆ ಇದೇ. ಹಾಗಾದರೆ ಅವನನ್ನು ಆಡಿಸಬೇಕೇ, ಕೂರಿಸಬೇಕೇ?

ಇಂಥ ಹೊತ್ತಿನಲ್ಲಿ ನಮಗೆ ಮೊದಲು ನೆನಪಾಗುವವರು ಅನಿಲ್ ಕುಂಬ್ಳೆ. ಜಯನಗರಕ್ಕೆ ಹೊಂದಿಕೊಂಡಿರುವ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದವರು. 2002ರ ಮೇ ತಿಂಗಳಲ್ಲಿ, ಆಂಟಿಗಾ ಟೆಸ್ಟ್‌ನಲ್ಲಿ ಮರ್ವಿನ್ ಡಿಲ್ಲನ್ ಎಸೆದ ಚೆಂಡು ಬಡಿದು ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡೇ ಮೈದಾನಕ್ಕಿಳಿದು 14 ಓವರ್ ಬೌಲ್ ಮಾಡಿದರು, ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಈ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಪೂರ್ತಿ ಹೇಳಬೇಕು.

ಅಂದು ಮುರಿದದ್ದು ದವಡೆ. ಬೌಲ್ ಮಾಡುವ ಭುಜ ಗಟ್ಟಿಯಾಗಿತ್ತು. ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳುವುದೂ ನಿಶ್ಚಯವಾಗಿತ್ತು. ಅದಕ್ಕೂ ಮೊದಲು ಆ ಭುಜವೇ ಕೈಕೊಟ್ಟಾಗ ಇದೇ ಕುಂಬ್ಳೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗುಳಿದಿದ್ದರು. 2001ರಲ್ಲಿ ಕೋಲ್ಕತ್ತದಲ್ಲಿ ಲಕ್ಷ್ಮಣ್ 281, ದ್ರಾವಿಡ್ 180 ಹೊಡೆದು ಆಸ್ಟ್ರೇಲಿಯಾವನ್ನು ಮಣಿಸಿದಾಗ, ಹರ್ಭಜನ್ ಆ ಸರಣಿಯಲ್ಲಿ 32 ವಿಕೆಟ್ ಕಿತ್ತಾಗ, ಕುಂಬ್ಳೆ ತಂಡದಲ್ಲಿರಲಿಲ್ಲ. ಮರಳಿದ ಮೇಲೆ ಅವರು ಪಡೆದ ವಿಕೆಟ್‌ಗಳೆಷ್ಟು? ಒಟ್ಟು 619ರಲ್ಲಿ ಅರ್ಧಕ್ಕೂ ಹೆಚ್ಚು! ಆಂಟಿಗಾದ ಸಾಹಸಕ್ಕೆ ಚಪ್ಪಾಳೆ ಸಿಕ್ಕಿತು. ಭುಜ ಮಾಗಲೆಂದು ಸುಮ್ಮನೆ ಕೂತ ಆ ತಿಂಗಳುಗಳಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡೂ ಒಂದೇ ಮನಸ್ಸಿನ ಧೈರ್ಯ.

ನೋವು ಬೇರೆ, ಹಾನಿ ಬೇರೆ. ನೋವನ್ನು ಸಹಿಸಬಹುದು, ಹಾನಿ ನಮ್ಮ ಛಲಕ್ಕೆ ಬಗ್ಗುವುದಿಲ್ಲ. 2019ರ ಎನ್‌ಬಿಎ ಫೈನಲ್ಸ್‌ನಲ್ಲಿ ಕೆವಿನ್ ಡುರಾಂಟ್ ಮೀನಖಂಡದ ಗಾಯದಿಂದ ಒಂದು ತಿಂಗಳು ಹೊರಗಿದ್ದು, ಸೋಲಿನ ಅಂಚಿನಲ್ಲಿದ್ದ ತಂಡಕ್ಕಾಗಿ ಐದನೇ ಪಂದ್ಯಕ್ಕೆ ಇಳಿದರು. 12 ನಿಮಿಷದಲ್ಲಿ 11 ಅಂಕ ಗಳಿಸಿದರು. ಅಷ್ಟರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, ಮುಂದಿನ ಇಡೀ ಋತು ಕೈತಪ್ಪಿತು. ಆ ರಾತ್ರಿ ತಂಡದ ವ್ಯವಸ್ಥಾಪಕ ಬಾಬ್ ಮೈಯರ್ಸ್ ಕಣ್ಣೀರಿಡುತ್ತ, ಯಾರನ್ನಾದರೂ ದೂರಲೇಬೇಕಿದ್ದರೆ ತನ್ನನ್ನು ದೂರಿ ಎಂದರು. ಹೊಣೆ ಹೊರುವ ಆ ಮಾತು ದೊಡ್ಡದು. ಆದರೆ ಅದೇ ಹೊಣೆಯನ್ನು ಪಂದ್ಯಕ್ಕೆ ಮೊದಲೇ ಹೊತ್ತು "ಬೇಡ" ಎನ್ನುವುದು ಇನ್ನೂ ದೊಡ್ಡದು.

ತಿಳಿವಳಿಕೆಯುಳ್ಳ ವಯಸ್ಕ, ಅಪಾಯವನ್ನೆಲ್ಲ ಅರಿತು, ಬದುಕಿನಲ್ಲಿ ಒಮ್ಮೆ ಬರುವ ಫೈನಲ್ ಆಡುತ್ತೇನೆಂದರೆ ಅವನ ಆಯ್ಕೆಯನ್ನು ಗೌರವಿಸೋಣ. ಎಲುಬು ಇನ್ನೂ ಬೆಳೆಯುತ್ತಿರುವ ಮಗುವಿಗೆ ಆ ಆಯ್ಕೆಯ ಭಾರ ಹೊರಿಸುವುದು ಅನ್ಯಾಯ. ಅವನ ಹಟದ ಹಿಂದೆ ಆಟದ ಪ್ರೀತಿಯಷ್ಟೇ ಇರುವುದಿಲ್ಲ, ಭಯವೂ ಇರುತ್ತದೆ: ಈ ಪಂದ್ಯ ತಪ್ಪಿದರೆ ರಾಜ್ಯ ತಂಡದ ಆಯ್ಕೆ ತಪ್ಪೀತು, ಕ್ರೀಡಾ ಕೋಟಾದ ಸೀಟು ಹೋದೀತು, ತನ್ನ ಜಾಗಕ್ಕೆ ಇನ್ನೊಬ್ಬ ಬಂದಾನು. ಈ ಭಯ ಸುಳ್ಳಲ್ಲ. ಆದ್ದರಿಂದ "ರೆಸ್ಟ್ ತಗೋ" ಎಂದು ಹೇಳಿ ಕೈತೊಳೆದುಕೊಂಡರೆ ಸಾಲದು. ಹೇಳಿದವರೇ ಆಯ್ಕೆದಾರರ ಮುಂದೆ ಅವನ ಪರವಾಗಿ ನಿಲ್ಲಬೇಕು, ತಂಡದಲ್ಲಿ ಅವನ ಜಾಗ ಉಳಿಸಬೇಕು, ಕಪ್ ಕೈಬಿಟ್ಟರೆ ಪೋಷಕರ ಬೈಗುಳವನ್ನೂ ತಾವೇ ಕೇಳಬೇಕು. ಕುಂಬ್ಳೆ ಮರಳಿದಾಗ ಅವರಿಗೊಂದು ಜಾಗವಿತ್ತು. ನಮ್ಮ ಮಕ್ಕಳಿಗೂ ಆ ಭರವಸೆ ಬೇಕು.

ಗೆಲುವಿಗಾಗಿ ಮಗುವಿನ ಮೊಣಕಾಲನ್ನು ಒತ್ತೆಯಿಡುವ ಹಕ್ಕು ಯಾವ ತರಬೇತುದಾರನಿಗೂ ಇಲ್ಲ, ಹೆತ್ತವರಿಗೂ ಇಲ್ಲ. ಕೂರಿಸಿ, ಕೂರಿಸಿದ್ದರ ಬೆಲೆಯನ್ನು ನೀವೇ ತೆರಿ.