ಲೆಕ್ಕಕ್ಕೆ ಬಾರದ ಒಬ್ಬ ಮನುಷ್ಯ

ಹತ್ತು ಜನ ಉಳಿಯುವುದಾದರೆ ಒಬ್ಬನನ್ನು ಬಿಟ್ಟುಕೊಡಬಹುದೇ? ಇದು ತತ್ವಶಾಸ್ತ್ರದ ತರಗತಿಯಲ್ಲಿ ಮಾತ್ರ ಕೇಳುವ ಪ್ರಶ್ನೆಯಲ್ಲ. ಆಸ್ಪತ್ರೆಯ ಬಿಲ್ಲು ಕೈಯಲ್ಲಿ ಹಿಡಿದು ಮುದಿ ತಂದೆಯ ಹಾಸಿಗೆಯ ಬಳಿ ನಿಂತ ಮಗನಿಗೂ ಇದು ಕಾಡುತ್ತದೆ. ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರಲೆಂದು ಹಿಂದುಳಿದ ಹುಡುಗನ ಕೈಗೆ ಟಿ.ಸಿ. ಕೊಟ್ಟು ಕಳುಹಿಸುವಾಗಲೂ ಇದೇ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ. ನಮ್ಮ ಮಕ್ಕಳಿಗಂತೂ ಈ ಪ್ರಶ್ನೆ ನಾವು ಎಣಿಸದ ದಾರಿಯಿಂದ ಬಂದು ಮುಟ್ಟಿದೆ. ಒಂದು ಕಾಮಿಕ್ಸ್ ಪುಸ್ತಕದಿಂದ!

ಕಾಮಿಕ್ಸ್ ಎಂದರೆ ಹೊತ್ತು ಹಾಳುಮಾಡುವ ಚಿತ್ರಪುಸ್ತಕ ಎಂದು ಬದಿಗೆ ಸರಿಸುವ ಹೆತ್ತವರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೂ ಒಮ್ಮೊಮ್ಮೆ ಆ ಪುಟಗಳಲ್ಲಿ ದೊಡ್ಡವರೂ ಕುಳಿತು ಯೋಚಿಸಬೇಕಾದ ವಿಷಯ ಸಿಗುತ್ತದೆ. ಅಮೆರಿಕದ ಮಾರ್ವೆಲ್ ಸಂಸ್ಥೆಯ 'ಸ್ಪೈಡರ್ ಮ್ಯಾನ್ 2099' ಅಂಥ ಒಂದು ಕಥೆ. 1992ರಲ್ಲಿ ಹುಟ್ಟಿ, 1996ರಲ್ಲಿ ನಿಂತುಹೋದ ಈ ನಾಯಕ 2014ರಲ್ಲಿ ಹೊಸ ಮಾಲಿಕೆಯೊಂದಿಗೆ ಮರಳಿ ಬಂದ. ಅವನು ಮರಳಿ ಬಂದಾಗ ತನ್ನೊಂದಿಗೆ ಏನು ತಂದ, ಏನನ್ನು ಮರೆತ ಎಂಬುದೇ ಇಲ್ಲಿ ನಮ್ಮ ವಿಚಾರ.

ಕೈದಿಯೊಬ್ಬನ ಸಾವು

ಮೊದಲು ಅವನು ಯಾರೆಂದು ತಿಳಿಯೋಣ. ನಮ್ಮ ಮಕ್ಕಳಿಗೆ ಗೊತ್ತಿರುವ ಸ್ಪೈಡರ್ ಮ್ಯಾನ್ ಪೀಟರ್ ಪಾರ್ಕರ್. ಇವನು ಬೇರೆ. ಇವನ ಹೆಸರು ಮಿಗೆಲ್ ಓಹಾರ. ಬರಹಗಾರ ಪೀಟರ್ ಡೇವಿಡ್ ಮತ್ತು ಚಿತ್ರಕಾರ ರಿಕ್ ಲಿಯೊನಾರ್ಡಿ ಸೇರಿ ಇವನನ್ನು ರೂಪಿಸಿದರು. ಇವನಲ್ಲಿ ಐರಿಷ್ ಮತ್ತು ಮೆಕ್ಸಿಕನ್ ರಕ್ತ ಎರಡೂ ಕೂಡಿದೆ. ಅಣ್ಣ ಮಿಗೆಲ್, ತಮ್ಮ ಗೇಬ್ರಿಯಲ್. ಮಹಾದೂತರಾದ ಮಿಖಾಯೇಲ, ಗಬ್ರಿಯೇಲರ ಹೆಸರುಗಳು ಇವು ಎಂಬುದನ್ನು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ.

ಕಥೆ ನಡೆಯುವುದು 2099ರ ನ್ಯೂಯಾರ್ಕಿನಲ್ಲಿ. ಆಗ ಆ ನಗರದ ಹೆಸರು ನ್ಯುವೆವಾ ಯಾರ್ಕ್. ಸಿರಿವಂತರು ಮುಗಿಲು ಮುಟ್ಟುವ ಗೋಪುರಗಳಲ್ಲಿ ಇರುತ್ತಾರೆ. ಬಡವರು ಕೆಳಗೆ ಹೂತುಹೋದ ಹಳೆಯ ನಗರದಲ್ಲಿ ಬಾಳುತ್ತಾರೆ. ಪೊಲೀಸರೂ ಖಾಸಗಿ ಕಂಪನಿಯವರೇ. ಹಣ ಕಟ್ಟಿದವರಿಗೆ ಮಾತ್ರ ರಕ್ಷಣೆ. ಆಳುವುದು ಸರ್ಕಾರವಲ್ಲ, ಆಲ್ಕಿಮ್ಯಾಕ್ಸ್‌ನಂಥ ದೊಡ್ಡ ಕಂಪನಿಗಳು.

ಮಿಗೆಲ್ ಆ ಕಂಪನಿಯ ಬುದ್ಧಿವಂತ ವಿಜ್ಞಾನಿ. ಮನುಷ್ಯನ ವಂಶವಾಹಿಗಳನ್ನು ತಿದ್ದಿ ಅಸಾಧಾರಣ ಶಕ್ತಿ ತುಂಬುವುದು ಅವನ ಕೆಲಸ. ಪ್ರಯೋಗ ಇನ್ನೂ ಮನುಷ್ಯರ ಮೇಲೆ ನಡೆಸುವ ಹಂತಕ್ಕೆ ಬಂದಿಲ್ಲ ಎಂದು ಅವನು ಹೇಳುತ್ತಾನೆ. ಮೇಲಧಿಕಾರಿ ಟೈಲರ್ ಸ್ಟೋನ್ ಕಿವಿಗೊಡುವುದಿಲ್ಲ. ಕೈದಿಯೊಬ್ಬನನ್ನು ತಂದು ಯಂತ್ರದೊಳಗೆ ನಿಲ್ಲಿಸುತ್ತಾರೆ. ಕೈದಿ ವಿಕಾರ ರೂಪ ತಾಳಿ ಸಾಯುತ್ತಾನೆ.

ಇದನ್ನು ಕಂಡ ಮಿಗೆಲ್ ಕೆಲಸ ಬಿಡಲು ಹೊರಡುತ್ತಾನೆ. ಸ್ಟೋನ್ ಉಪಾಯವಾಗಿ ಅವನಿಗೆ ಪಾನೀಯ ಕುಡಿಸಿ, ಅದರಲ್ಲಿ ಬಿಡಲಾಗದ ಚಟ ಹತ್ತಿಸುವ ಮಾದಕ ವಸ್ತು ಇತ್ತೆಂದೂ, ಅದು ತನ್ನ ಕಂಪನಿಯ ಬಳಿ ಮಾತ್ರ ಸಿಗುತ್ತದೆಂದೂ ಹೇಳುತ್ತಾನೆ. ಚಟದಿಂದ ಬಿಡಿಸಿಕೊಳ್ಳಲು ಮಿಗೆಲ್ ಅದೇ ಯಂತ್ರದೊಳಗೆ ತಾನೇ ಹೊಗುತ್ತಾನೆ. ಹೊಟ್ಟೆಕಿಚ್ಚಿನ ಸಹೋದ್ಯೋಗಿಯೊಬ್ಬ ಯಂತ್ರದ ಲೆಕ್ಕ ಬದಲಿಸುತ್ತಾನೆ. ಮಿಗೆಲ್ ಅರ್ಧ ಜೇಡನ ಗುಣಗಳೊಂದಿಗೆ ಹೊರಬರುತ್ತಾನೆ. ಅವನ ಉಗುರಿಗೆ ಹರಿಯದ ಬಟ್ಟೆ ಮನೆಯಲ್ಲಿ ಒಂದೇ ಇರುತ್ತದೆ. ಅದು ಮೆಕ್ಸಿಕೋದ ಮೃತರ ದಿನದ ಹಬ್ಬಕ್ಕೆಂದು ಅವನು ತೊಟ್ಟಿದ್ದ ವೇಷ. ನಾವು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನಕ್ಕೆ ಸೇರಿದ ಹಬ್ಬ ಅದು. ಸತ್ತವರನ್ನು ನೆನೆಯುವ ದಿನದ ಉಡುಪೇ ಈ ನಾಯಕನ ಉಡುಪಾಯಿತು.

ಕೈದಿಯ ಪ್ರಯೋಗ ಬರೀ ಕಟ್ಟುಕಥೆ ಎನ್ನುವಂತಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್ಮನ್ ಅವರ ನೇತೃತ್ವದಲ್ಲಿ ಕೈದಿಗಳ ಮೈಮೇಲೆ ಔಷಧಿ, ರಾಸಾಯನಿಕಗಳ ಪರೀಕ್ಷೆ ನಡೆಯಿತು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನರು. ಕೈಗೆ ಸಿಗುವ ಸ್ವಲ್ಪ ಹಣಕ್ಕಾಗಿ ಅವರು ಬೆನ್ನು ಒಡ್ಡಿದರು. 1978ರಲ್ಲಿ ಅಮೆರಿಕ ಸರ್ಕಾರ ಇಂಥ ಸಂಶೋಧನೆಗೆ ಬಿಗಿಯಾದ ನಿಯಮ ತಂದಿತು. ಫಿಲಡೆಲ್ಫಿಯಾ ನಗರ ಅಧಿಕೃತವಾಗಿ ಕ್ಷಮೆ ಕೇಳಿದ್ದು 2022ರಲ್ಲಿ. 'ಹೇಗೂ ಅಪರಾಧಿಗಳು, ಇವರಿಂದ ಸಾವಿರಾರು ರೋಗಿಗಳಿಗೆ ಉಪಕಾರವಾಗುವುದಾದರೆ ಆಗಲಿ' ಎಂಬ ಲೆಕ್ಕವೇ ಇದರ ಹಿಂದೆ ಇದ್ದದ್ದು.

ಮಿಗೆಲ್ ನಾಯಕನಾದದ್ದು ಗೋಡೆ ಹತ್ತುವ ಶಕ್ತಿ ಬಂದ ದಿನವಲ್ಲ ಎಂದು ನನಗನ್ನಿಸುತ್ತದೆ. ಒಬ್ಬ ಕೈದಿಯ ಸಾವನ್ನು ಲೆಕ್ಕದ ಪುಸ್ತಕದಲ್ಲಿ ಖರ್ಚು ಎಂದು ಬರೆಯಲು ಒಪ್ಪದೆ ಎದ್ದು ನಿಂತ ದಿನವೇ ಅವನು ನಾಯಕನಾದ. ಆಗ ಅವನಿಗೆ ಯಾವ ಶಕ್ತಿಯೂ ಇರಲಿಲ್ಲ, ಇದ್ದದ್ದು ಆತ್ಮಸಾಕ್ಷಿ ಮಾತ್ರ.

ಮರಳಿ ಬಂದವನು

1996ರಲ್ಲಿ 46ನೆಯ ಸಂಚಿಕೆಯೊಂದಿಗೆ ಮಾಲಿಕೆ ಮುಗಿಯಿತು. ಮಿಗೆಲ್ ಆಗೊಮ್ಮೆ ಈಗೊಮ್ಮೆ ಬೇರೆ ಪುಸ್ತಕಗಳಲ್ಲಿ ಮುಖ ತೋರಿಸಿದ. 2013ರಲ್ಲಿ ಇನ್ನೊಂದು ಸ್ಪೈಡರ್ ಮ್ಯಾನ್ ಮಾಲಿಕೆಯಲ್ಲಿ ಅವನು ಕಾಲ ದಾಟಿ ನಮ್ಮ ಕಾಲಕ್ಕೆ ಬಂದು, ಹಿಂದಿರುಗಲಾಗದೆ ಸಿಕ್ಕಿಕೊಂಡ. ಅಲ್ಲಿಂದ 2014ರ ಹೊಸ ಮಾಲಿಕೆ ಶುರುವಾಯಿತು. ಬರೆದವರು ಮೊದಲಿನ ಪೀಟರ್ ಡೇವಿಡ್ ಅವರೇ. ಚಿತ್ರಗಳು ವಿಲ್ ಸ್ಲೈನಿ ಅವರವು. 2025ರಲ್ಲಿ ತೀರಿಕೊಂಡ ಡೇವಿಡ್ ತಮ್ಮ ಕೈಕೂಸನ್ನು ಹದಿನೆಂಟು ವರ್ಷಗಳ ನಂತರ ಅದರದೇ ಮಾಲಿಕೆಯಲ್ಲಿ ಮತ್ತೆ ಎತ್ತಿಕೊಂಡದ್ದು ಹೀಗೆ.

ಮಿಗೆಲ್ ಬಂದದ್ದು ಯಾಕೆ? ಟಿಬೇರಿಯಸ್ ಸ್ಟೋನ್ ಎಂಬವನನ್ನು ಸಾವಿನಿಂದ ಉಳಿಸಲು. ಈತ ಒಳ್ಳೆಯವನೇನಲ್ಲ, ಲಾಭಕ್ಕಾಗಿ ಏನನ್ನೂ ಮಾಡುವವನು. ಆದರೆ ಈತ ಟೈಲರ್ ಸ್ಟೋನನ ಪೂರ್ವಜ. ಟೈಲರ್ ಸ್ಟೋನನೇ ಮಿಗೆಲನ ನಿಜವಾದ ತಂದೆ ಎಂಬುದು ಹಳೆಯ ಮಾಲಿಕೆಯಲ್ಲಿ ಬಯಲಾದ ಕಹಿ ಗುಟ್ಟು. ಅಂದರೆ ಟಿಬೇರಿಯಸ್ ಮಿಗೆಲನ ಅಜ್ಜ. ಅಜ್ಜ ಸತ್ತರೆ ಮೊಮ್ಮಗ ಹುಟ್ಟುವುದಿಲ್ಲ. ಆದ್ದರಿಂದ ಹೊಸ ಮಾಲಿಕೆಯಲ್ಲಿ ಮಿಗೆಲ್ ಸುಳ್ಳು ಹೆಸರಿಟ್ಟುಕೊಂಡು ಆಲ್ಕಿಮ್ಯಾಕ್ಸ್ ಕಂಪನಿಯಲ್ಲಿ ಆ ಅಜ್ಜನ ಕೈಕೆಳಗೇ ಕೆಲಸಕ್ಕೆ ಸೇರುತ್ತಾನೆ.

ಇಲ್ಲಿ ಒಂದು ಲೆಕ್ಕ ತಾನಾಗಿ ಎದುರು ನಿಲ್ಲುತ್ತದೆ. ಈ ಒಬ್ಬ ಕೆಟ್ಟ ಮನುಷ್ಯ ಸತ್ತರೆ ಮುಂದಿನ ಟೈಲರ್ ಸ್ಟೋನ್ ಇಲ್ಲ. ಆ ಕೈದಿಯ ಸಾವೂ ಇರದೆ ಹೋಗಬಹುದು. ಹಾಗಿದ್ದರೆ ಅಜ್ಜನನ್ನು ಉಳಿಸಿದ ಮಿಗೆಲ್ ಸ್ವಾರ್ಥಿಯೇ? ಒಂದು ಮಟ್ಟಿಗೆ ಹೌದು. ತನ್ನ ಜೀವದ ಆಸೆಯೂ ಅವನ ಕೆಲಸದಲ್ಲಿ ಬೆರೆತಿದೆ. ಆದರೆ ನಾವು ಮಾಡುವ ಒಳ್ಳೆಯ ಕೆಲಸಗಳಲ್ಲಿ ಬೆರಕೆಯಿಲ್ಲದ್ದು ಎಷ್ಟಿವೆ? ಕುಡುಕ ತಂದೆಗೆ ಊಟ ಬಡಿಸುವ ಮಗಳು ಪ್ರೀತಿಯಿಂದ ಬಡಿಸುತ್ತಾಳೋ, ಊರವರ ಬಾಯಿಗೆ ಹೆದರಿ ಬಡಿಸುತ್ತಾಳೋ, ಅವಳಿಗೇ ತಿಳಿಯದು. ಬಡಿಸಿದ ಊಟವಂತೂ ಊಟವೇ. ಮುಂದೆ ಕೆಡುಕು ಹುಟ್ಟಬಹುದೆಂಬ ಲೆಕ್ಕದ ಮೇಲೆ ಇಂದು ಒಬ್ಬನನ್ನು ಸಾಯಲು ಬಿಡುವ ಹಕ್ಕು ಯಾರಿಗೂ ಇಲ್ಲ.

ಹೊಸ ಮಾಲಿಕೆಯ ಮೊದಲ ಸಂಚಿಕೆಯಲ್ಲೇ ಇನ್ನೊಂದು ಘಟನೆ ಬರುತ್ತದೆ. ಕಾಲದಲ್ಲಿ ಆದ ತಪ್ಪುಗಳನ್ನು ಅಳಿಸಿಹಾಕುವ ತಂಡವೊಂದರ ದೂತ ಮಿಗೆಲನನ್ನು ಕೊಲ್ಲಲು ಬರುತ್ತಾನೆ. ಈ ಕಾಲದಲ್ಲಿ ಮಿಗೆಲ್ ಇರಬಾರದವನು. ಆದ್ದರಿಂದ ಅವನೇ ಒಂದು ತಪ್ಪು. ಕೈದಿಯೊಬ್ಬ ಲೆಕ್ಕದಲ್ಲಿ ಖರ್ಚಾಗುವುದನ್ನು ಕಂಡು ಎದ್ದವನು ಈಗ ತಾನೇ ಲೆಕ್ಕದಿಂದ ಹೊಡೆದುಹಾಕಬೇಕಾದ ಅಂಕಿಯಾದ. ಅಳಿಸಿಹೋಗುವವನ ನೋವು ಏನೆಂದು ಇವನಷ್ಟು ಬಲ್ಲವರು ಇನ್ನಾರು?

ಲೆಕ್ಕ ಹಿಡಿದ ನಾಯಕ

ಆದರೆ ಅದೇ ಮಿಗೆಲ್ ಸಿನಿಮಾಕ್ಕೆ ಬಂದಾಗ ಅವನ ಇನ್ನೊಂದು ಮುಖ ಕಾಣಿಸಿತು. 'ಅಕ್ರಾಸ್ ದ ಸ್ಪೈಡರ್ ವರ್ಸ್' ಎಂಬ ಕಾರ್ಟೂನ್ ಚಿತ್ರ 2023ರ ಜೂನ್‌ನಲ್ಲಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ಅವುಗಳಲ್ಲಿ ಕನ್ನಡವೂ ಒಂದು. ಆದ್ದರಿಂದ ಕಾಮಿಕ್ಸ್ ಮುಟ್ಟದ ನಮ್ಮ ಮಕ್ಕಳೂ ಮಿಗೆಲನನ್ನು ನೋಡಿರುವ ಸಾಧ್ಯತೆ ಇದೆ.

ಇಲ್ಲಿ ಅವನು ಹಲವು ಲೋಕಗಳ ಸ್ಪೈಡರ್ ಮ್ಯಾನ್‌ಗಳಿಗೆ ಮುಖ್ಯಸ್ಥ. ಪ್ರತಿಯೊಬ್ಬ ಸ್ಪೈಡರ್ ಮ್ಯಾನನ ಬದುಕಿನಲ್ಲೂ ಕೆಲವು ಸಾವುಗಳು ನಡೆಯಲೇಬೇಕು, ತಡೆದರೆ ಆ ಲೋಕವೇ ಕುಸಿಯುತ್ತದೆ ಎಂಬುದು ಅವನ ನಂಬಿಕೆ. ಮೈಲ್ಸ್ ಎಂಬ ಹದಿಹರೆಯದ ಹುಡುಗನ ತಂದೆ ಪೊಲೀಸ್ ಅಧಿಕಾರಿ. ಆ ತಂದೆ ಸಾಯಲೇಬೇಕು ಎನ್ನುತ್ತಾನೆ ಮಿಗೆಲ್. ಹುಡುಗ ಒಪ್ಪುವುದಿಲ್ಲ. ಆಗ ಮಿಗೆಲ್ ಆ ಹುಡುಗನನ್ನೇ ಕೂಡಿಹಾಕಲು ನೋಡುತ್ತಾನೆ.

ಒಬ್ಬನು ಸಾಯುವುದರಿಂದ ಜನಾಂಗ ಉಳಿಯುತ್ತದೆ ಎಂಬ ವಾದ ನಮ್ಮ ಓದುಗರಿಗೆ ಹೊಸದಲ್ಲ. ಪ್ರಧಾನಯಾಜಕ ಕಾಯಫನೂ ಇದೇ ಲೆಕ್ಕ ಹಾಕಿದ್ದ.

ಆದರೂ ಮಿಗೆಲನನ್ನು ಕಲ್ಲುಹೃದಯದವನೆಂದು ದೂರುವುದು ಸುಲಭವಲ್ಲ. ಬೇರೊಂದು ಲೋಕದಲ್ಲಿ, ಸತ್ತುಹೋದ ಇನ್ನೊಬ್ಬ ಮಿಗೆಲನ ಜಾಗದಲ್ಲಿ ನಿಂತು ಅವನು ಒಬ್ಬ ಪುಟ್ಟ ಮಗಳನ್ನು ಸಾಕಿದ್ದ. ಆ ಲೋಕ ಅವನ ಕಣ್ಣೆದುರೇ ಕರಗಿಹೋಯಿತು. ಮಗಳು ಅವನ ತೋಳಿನಲ್ಲೇ ಇಲ್ಲವಾದಳು. ಅವನ ಲೆಕ್ಕ ಹುಟ್ಟಿದ್ದು ಆ ದುಃಖದಿಂದ. ಪೆಟ್ಟು ತಿಂದ ಮನಸ್ಸು ಮತ್ತೆ ಪೆಟ್ಟು ಬೀಳದಿರಲೆಂದು ಗಟ್ಟಿಯಾಗುತ್ತದೆ. ಇಂಥ ತಂದೆತಾಯಂದಿರನ್ನು ನಾವು ನೋಡಿಲ್ಲವೇ?

ಹಾಗಾದರೆ ಲೆಕ್ಕ ಹಾಕುವುದೇ ತಪ್ಪೇ? ಇಲ್ಲ. ನೆರೆ ಬಂದಾಗ ದೋಣಿ ಒಂದೇ ಇರುತ್ತದೆ. ಅಂಬಿಗ ಎಲ್ಲರನ್ನೂ ಒಮ್ಮೆಗೇ ಹತ್ತಿಸಿಕೊಳ್ಳಲಾರ. ಅಪಘಾತದ ದಿನ ಡಾಕ್ಟರು ಯಾರನ್ನು ಮೊದಲು ನೋಡಬೇಕೆಂದು ಗೊತ್ತುಮಾಡಲೇಬೇಕು. ಆದರೆ ಕೈಗೆಟುಕದೆ ಒಬ್ಬನನ್ನು ಕಳೆದುಕೊಳ್ಳುವುದು ಬೇರೆ, ಅವನು ಸಾಯಲೇಬೇಕೆಂದು ತೀರ್ಮಾನಿಸುವುದು ಬೇರೆ. ಮೊದಲನೆಯದು ಮನುಷ್ಯನ ಮಿತಿ. ಅಂಬಿಗ ದಡ ಮುಟ್ಟಿದ ಮೇಲೆ ಮತ್ತೆ ದೋಣಿ ತಿರುಗಿಸುತ್ತಾನೆ, ಉಳಿಸಲಾಗದವನಿಗಾಗಿ ಅಳುತ್ತಾನೆ. ಎರಡನೆಯದರಲ್ಲಿ ದೋಣಿ ತಿರುಗಿಸುವವನನ್ನೇ ಹಿಡಿದು ನಿಲ್ಲಿಸುತ್ತೇವೆ. ಮಿಗೆಲ್ ದಾಟಿದ ಗೆರೆ ಇದು. ಅಪ್ಪನನ್ನು ಉಳಿಸಲು ಹೊರಟ ಹುಡುಗನನ್ನು ಅವನು ತಡೆದ. ಹಿಂದೊಮ್ಮೆ ಟೈಲರ್ ಸ್ಟೋನ್ ನಿಂತಿದ್ದ ಜಾಗದಲ್ಲಿ ಈಗ ಅವನೇ ನಿಂತಿದ್ದ. ಚಿತ್ರ ಇದಕ್ಕೆ ಉತ್ತರ ಕೊಡದೆ ನಡುವಿನಲ್ಲೇ ನಿಲ್ಲುತ್ತದೆ.

ನಮ್ಮ ಮನೆಗಳಲ್ಲಿ

ಪ್ರಿಯ ಹೆತ್ತವರೇ, ನಮ್ಮ ಮನೆಗಳಲ್ಲಿ ಲೋಕಗಳು ಕುಸಿಯುವುದಿಲ್ಲ. ಆದರೆ 'ಕುಟುಂಬದ ಒಳಿತಿಗಾಗಿ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಣ್ಣನ ಓದಿಗಾಗಿ ತಂಗಿ ಶಾಲೆ ಬಿಡಲಿ. ಮಾನ ಉಳಿಯಬೇಕು, ಗಂಡನ ಹೊಡೆತವನ್ನು ಮಗಳು ಸಹಿಸಿಕೊಳ್ಳಲಿ. ಬುದ್ಧಿ ಮಂದವಾದ ಮಗು ನೆಂಟರೆದುರು ಒಳಕೋಣೆಯಲ್ಲೇ ಇರಲಿ. ಬಿಟ್ಟುಕೊಡಬೇಕಾದವರು ಯಾರೆಂದು ತೀರ್ಮಾನಿಸುವಾಗ ಅವರನ್ನು ಕೇಳಿದ್ದೇವೆಯೇ? ತಾನೇ ಮನಸಾರೆ ಕೊಟ್ಟರೆ ಅದು ತ್ಯಾಗ. ಇನ್ನೊಬ್ಬರ ತಲೆಯ ಮೇಲೆ ನಾವು ಹೊರಿಸಿದರೆ ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು.

ಈ ಕಥೆಯ ಹಳೆಯ ಮಾಲಿಕೆಯಲ್ಲಿ ಥಾರ್ ಎಂಬ ದೇವತೆಯ ಬರವನ್ನು ಕಾಯುವ ಒಂದು ಪಂಥವಿದೆ. ಅವರು ಮಿಗೆಲನನ್ನು ಕಂಡು, ತಮ್ಮ ದೇವರಿಗಿಂತ ಮುಂಚೆ ಬರಬೇಕಾದವನು ಇವನೇ ಎಂದು ಹಿಗ್ಗುತ್ತಾರೆ. ಶಕ್ತಿ ಕಂಡ ಕೂಡಲೇ ಕೈಮುಗಿಯುವುದು ಸುಲಭ. ನಮ್ಮ ಮಕ್ಕಳೂ ನಾಯಕರನ್ನು ಅಳೆಯುವುದು ಅವರು ಎಷ್ಟು ಎತ್ತರ ಹಾರಿದರು, ಎಷ್ಟು ಜನರನ್ನು ಹೊಡೆದರು ಎಂಬುದರಿಂದ. ಮಗ ಅಥವಾ ಮಗಳು ಇಂಥ ಪುಸ್ತಕವನ್ನೋ ಚಿತ್ರವನ್ನೋ ನೋಡಿ ಬಂದಾಗ ಬೈಯುವ ಮೊದಲು ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿ: 'ಈ ಕಥೆಯಲ್ಲಿ ಯಾರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ? ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಉತ್ತರ ಕೇಳಿ ನಿಮಗೇ ಆಶ್ಚರ್ಯವಾದೀತು.

ಇಷ್ಟು ವರ್ಷಗಳ ನಂತರ ಮಿಗೆಲ್ ಮರಳಿ ಬಂದ. ಉಡುಪು ಅದೇ, ಶಕ್ತಿಯೂ ಅದೇ. ಆದರೆ ಯಂತ್ರದೊಳಗೆ ಸತ್ತ ಆ ಕೈದಿಯ ನೆನಪು ಜೊತೆಗಿದ್ದಾಗ ಮಾತ್ರ ಅವನು ಮೊದಲಿನ ಮಿಗೆಲ್. ನಮ್ಮ ನಿಮ್ಮ ಮಾತೂ ಅಷ್ಟೇ. ಮುಂದಿನ ಬಾರಿ ಮನೆಯಲ್ಲಿ ದೊಡ್ಡ ತೀರ್ಮಾನಕ್ಕೆ ಕುಳಿತಾಗ, ಆ ಕೋಣೆಗೆ ಕರೆಯದೆ ಬಿಟ್ಟ ಒಬ್ಬರು ಇದ್ದಾರೆಯೇ ಎಂದು ನೋಡೋಣ. ಇದ್ದರೆ ಮೊದಲು ಅವರನ್ನು ಕರೆದು ಕೂರಿಸೋಣ.