ಬಲಿ ಯಾವುದು, ಯಜ್ಞ ಯಾವುದು?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ತುಂಗಭದ್ರೆಯ ದಡದಲ್ಲಿರುವ ನಮ್ಮ ಕುಮಾರಪಟ್ಟಣದಲ್ಲಿ ಹಿಂದೊಮ್ಮೆ ಗ್ರಾಮದೇವತೆಯ ಜಾತ್ರೆ ಸಮೀಪಿಸಿದಾಗ ರೈತರೊಬ್ಬರು ನಮ್ಮ ತೀರ್ಥರೂಪರ ಬಳಿಗೆ ಬಂದರು. ಅವರ ಮಗನು ಕಠಿಣವಾದ ಜ್ವರದಿಂದ ಪಾರಾಗಿದ್ದನು. “ಆಚಾರ್ರ, ಕುರಿ ಕೊಡತೀನಿ ಅಂತ ತಾಯಿಗೆ ಮಾತು ಕೊಟ್ಟೀನ್ರಿ. ಈಗ ಕೊಡದಿದ್ರ ಮಾತಿಗೆ ತಪ್ಪಿದಂಗ ಆಗೂದಿಲ್ಲೇನ್ರಿ?” ಎಂದು ಕೇಳಿದರು. ತಂದೆಯವರು ಅವರನ್ನು ಗದರಿಸಲಿಲ್ಲ. “ಕುರಿಗೆ ಎಷ್ಟು ರೊಕ್ಕ ಆಗತದೋ ಅಷ್ಟರ ಅಕ್ಕಿ, ಬ್ಯಾಳಿ ತಂದು ಜಾತ್ರ್ಯಾಗ ಹಸಿದವರಿಗೆ ಉಣ್ಣಾಕ ಹಾಕ್ರಿ. ಮಾತೂ ಉಳೀತದ, ಜೀವಾನೂ ಉಳೀತದ” ಎಂದರು. ರೈತರು ಹಾಗೆಯೇ ಮಾಡಿದರು. ಅಂದು ರಾತ್ರಿ ತಂದೆಯವರು ನಮ್ಮತ್ತ ತಿರುಗಿ, “ಅಂವಾ ಕೊಡಲಿಕ್ಕೆ ಬಂದಿದ್ದಾ. ನಾವು ಏನು ಕೊಟ್ಟೇವಿ?” ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಗಿದೆ.

ಬಲಿಯೆಂಬುದು ಒಂದೇ ಮತದ ಆಚಾರವಲ್ಲ. ಯಹೂದ್ಯರು ಜೆರುಸಲೇಮಿನ ದೇವಾಲಯದಲ್ಲಿ ಪಶುಗಳನ್ನು ಅರ್ಪಿಸುತ್ತಿದ್ದರು, ಕ್ರಿ.ಶ. 70ರಲ್ಲಿ ಆ ದೇವಾಲಯವು ನಾಶವಾದ ಮೇಲೆ ಪ್ರಾರ್ಥನೆಯೇ ಅದರ ಸ್ಥಾನವನ್ನು ಪಡೆಯಿತು. ಮುಸಲ್ಮಾನರು ಇಬ್ರಾಹಿಮರ ತ್ಯಾಗವನ್ನು ಸ್ಮರಿಸಿ ಬಕ್ರೀದಿನಂದು ಕುರ್ಬಾನಿ ಮಾಡಿ, ಬಡವರಿಗೂ ಪಾಲು ಕೊಡುತ್ತಾರೆ. ಕ್ರೈಸ್ತರು ಏಸುವಿನ ಪ್ರಾಣಾರ್ಪಣೆಯನ್ನೇ ಕಡೆಯ ಬಲಿಯೆಂದು ತಿಳಿದು ರೊಟ್ಟಿಯ ಪ್ರಸಾದವನ್ನು ಸ್ವೀಕರಿಸುತ್ತಾರೆ. ಆಚಾರಗಳು ಬೇರೆಯಾದರೂ ಮೂಲಭಾವನೆಯು ಒಂದೇ ಆಗಿದೆ. ನಾವು ಉಣ್ಣುವುದು ನಮ್ಮದಲ್ಲ. ಕೊಟ್ಟವನಿಗೆ ನಾವು ಋಣಿಗಳು. ಪ್ರಿಯವಾದುದನ್ನು ಬಿಟ್ಟುಕೊಡದೆ ಆ ಋಣವು ತೀರದು.

ನಮ್ಮ ವೇದವು ಈ ವಿಷಯದಲ್ಲಿ ಸೂಕ್ಷ್ಮವಾದ ಮಾತೊಂದನ್ನು ತಿಳಿಸುತ್ತದೆ. ಯಜ್ಞಕ್ಕೆ ಯೋಗ್ಯವಾದ ಸಾರವು ಮನುಷ್ಯನಿಂದ ಕುದುರೆಗೆ, ಅಲ್ಲಿಂದ ಎತ್ತಿಗೆ, ಕುರಿಗೆ, ಆಡಿಗೆ ಸರಿದು ಕಡೆಗೆ ಭೂಮಿಯನ್ನು ಹೊಕ್ಕು ಭತ್ತವಾಯಿತೆಂದೂ, ಆದ್ದರಿಂದ ಪುರೋಡಾಶವೇ ಪಶುವೆಂದೂ ಐತರೇಯ ಬ್ರಾಹ್ಮಣವು ಹೇಳುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿಯೂ ಇದೇ ಚರ್ಚೆಯುಂಟು. ‘ಅಜ’ವೆಂದರೆ ಆಡು ಎಂದು ದೇವತೆಗಳೂ, ಬೀಜವೆಂದು ಋಷಿಗಳೂ ವಾದಿಸಿದರು. ಉಪರಿಚರ ವಸುವು ದೇವತೆಗಳ ಪಕ್ಷವನ್ನು ಹಿಡಿದು ಆಕಾಶದಿಂದ ಭೂಮಿಯ ಬಿಲಕ್ಕೆ ಬಿದ್ದನು. ಇದೇ ವಸುವು ಹಿಂದೆ ಪಶುಹಿಂಸೆಯಿಲ್ಲದೆ ಅಶ್ವಮೇಧವನ್ನು ನೆರವೇರಿಸಿದ್ದನು. ಅಲ್ಲಿ ಶ್ರೀಹರಿಯು ಅದೃಶ್ಯನಾಗಿ ಬಂದು ತನ್ನ ಭಾಗವನ್ನು ತಾನೇ ಸ್ವೀಕರಿಸಿದ್ದನು. ತಿಳಿದವನೂ ಪಕ್ಷಪಾತದಿಂದ ಜಾರುವನೆಂಬುದಕ್ಕೆ ಇದು ನಿದರ್ಶನ.

ವೇದವಿಹಿತವಾದ ಯಜ್ಞವು ಅಶುದ್ಧವಲ್ಲವೆಂದು ಬ್ರಹ್ಮಸೂತ್ರವು ನಿರ್ಣಯಿಸಿದೆ. ನಾವು ಪೂರ್ವದ ಋಷಿಗಳನ್ನು ನಿಂದಿಸುವವರಲ್ಲ. ಆದರೆ ಮಾಧ್ವ ಸಂಪ್ರದಾಯದಲ್ಲಿ ಯಾಗಕ್ಕೆ ಪಿಷ್ಟಪಶುವೇ, ಎಂದರೆ ಹಿಟ್ಟಿನ ಪಶುವೇ, ಗ್ರಾಹ್ಯ. ಇದಕ್ಕಾಗಿ ನಮ್ಮ ಹಿರಿಯರು ಅನ್ಯರ ಆಕ್ಷೇಪಗಳನ್ನು ಎದುರಿಸಿದರೂ ಪಕ್ಷವನ್ನು ಬಿಡಲಿಲ್ಲ.

ಇಲ್ಲಿ ಒಂದು ಶಂಕೆ ಏಳುತ್ತದೆ. ಜೈನಕವಿಯಾದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಮಣಿದು ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿ ತಾಗಿದೊಡನೆ ಆ ಕೋಳಿ ಕೂಗುತ್ತದೆ. ಕೊಲ್ಲುವ ಸಂಕಲ್ಪ ಮಾಡಿದ ಪಾಪಕ್ಕಾಗಿ ತಾಯಿಮಕ್ಕಳು ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಹಾಗಾದರೆ ಹಿಟ್ಟಿನ ಪಶುವೂ ದೋಷವಲ್ಲವೇ? ಕಾಲೇಜಿನಲ್ಲಿ ಈ ಕಾವ್ಯವನ್ನು ಓದುವಾಗ ಈ ಪ್ರಶ್ನೆಯು ನಮ್ಮನ್ನೂ ಬಹುದಿನ ಕಾಡಿತು.

ವಿಚಾರಿಸಿದರೆ ಭೇದವು ತಿಳಿಯುತ್ತದೆ. ಆ ರಾಜನ ಸಂಕಲ್ಪವು ತನಗೆ ಬಂದ ಕೇಡನ್ನು ಮತ್ತೊಂದು ಜೀವದ ಮೇಲೆ ಹಾಕುವುದಾಗಿತ್ತು. ಹಿಟ್ಟು ಕೇವಲ ನೆಪ. ನಮ್ಮ ಯಜ್ಞದಲ್ಲಿ ಧಾನ್ಯವು ನೆಪವಲ್ಲ, ಅದೇ ಮುಖ್ಯವಾದ ಹವಿಸ್ಸು. ಸಂಕಲ್ಪವು ಸರ್ವಕರ್ತನಾದ ಶ್ರೀಹರಿಯ ಪ್ರೀತಿ. ಆದರೂ ಜನ್ನನ ಮಾತನ್ನು ನಾವು ತಳ್ಳಿಹಾಕಬಾರದು. ಭಯದಿಂದಲೋ, ಲಾಭದ ಲೆಕ್ಕಾಚಾರದಿಂದಲೋ ಆಹುತಿ ಹಾಕಿದರೆ ಆ ಕೋಳಿ ನಮ್ಮ ಯಾಗಶಾಲೆಯಲ್ಲಿಯೂ ಕೂಗೀತು.

1959ರ ಶಾಸನವು ನಮ್ಮ ರಾಜ್ಯದ ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿತು. 1975ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಹೀಗಿದ್ದರೂ ಹೊಳೆಯಾಚೆಯ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಬಂದಾಗ ಕೋಣಬಲಿಯ ಮಾತು ಏಳುತ್ತದೆ. ಕಾನೂನು ಕೈಯನ್ನು ತಡೆದೀತು. ಹರಕೆ ಹೊತ್ತವನ ಮನಸ್ಸಿಗೆ ಸಮಾಧಾನವನ್ನು ಹೇಳುವುದು ತಿಳಿದವರ ಕೆಲಸ. ಅವರನ್ನು ಹೀನಾಯವಾಗಿ ಕಾಣುವುದರಿಂದ ಒಂದು ಕುರಿಯೂ ಉಳಿಯದು.

ನಮ್ಮ ಮನೆಗಳಲ್ಲಿಯೂ ಬಲಿಯೆಂಬ ಶಬ್ದವುಂಟು. ವೈಶ್ವದೇವದ ಬಳಿಕ ಸಕಲ ಭೂತಗಳಿಗಾಗಿ ಇಡುವ ಹಿಡಿ ಅನ್ನವೇ ಬಲಿಹರಣ. ಇಂದು ಎಷ್ಟು ಮನೆಗಳಲ್ಲಿ ಅದು ಉಳಿದಿದೆ? ‘ನಾವು ಕೊಲ್ಲುವವರಲ್ಲ’ ಎಂದು ಹೆಮ್ಮೆಪಡುವ ನಾವು, ಕೊಡುವವರೂ ಅಲ್ಲವಾದರೆ ಆ ರೈತರಿಗಿಂತ ಹೇಗೆ ಮೇಲಾದೇವು? ಬಲಿಚಕ್ರವರ್ತಿಯು ವಾಮನನಿಗೆ ಭೂಮಿಯನ್ನೂ ಸ್ವರ್ಗವನ್ನೂ ಒಪ್ಪಿಸಿ, ಮೂರನೆಯ ಹೆಜ್ಜೆಗೆ ತನ್ನ ತಲೆಯನ್ನೇ ಒಡ್ಡಿದನು. ಹೆರವರ ಪ್ರಾಣವನ್ನಲ್ಲ, ‘ನನ್ನದು’ ಎಂಬ ಅಭಿಮಾನವನ್ನು ಅವನು ಕೊಟ್ಟನು. ಇಂದಿನ ಊಟಕ್ಕೆ ಮುನ್ನ ಒಂದು ಹಿಡಿ ಅನ್ನವನ್ನು ತೆಗೆದಿಡೋಣ. ಹಸಿದು ಬಂದವರಿಗೆ ಒಂದು ಎಲೆ ಹಾಕೋಣ. ಅದರೊಡನೆ ‘ನನ್ನದು’ ಎಂಬುದನ್ನೂ ಹರಿಗೆ ಒಪ್ಪಿಸುವ ಮನಸ್ಸನ್ನು ನಮ್ಮ ಗುರುಗಳ ಅಂತರ್ಯಾಮಿಯಾದ ಭಗವಂತನು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥